ಹನ್ನೊಂದರಿಂದ ಎರಡರವರೆಗೆ: ಮಲೆನಾಡಿನಲ್ಲಿ ಹೋಂಸ್ಟೇ ಕ್ಲೀನಿಂಗ್ ಕೆಲಸ ಮಾಡುವುದು ಹೇಗೆ

ನಾನು ಮೂಡಿಗೆರೆ ಕಡೆಯವಳು. ಏಳು ವರ್ಷದಿಂದ ಹೋಂಸ್ಟೇಗಳನ್ನು ಕ್ಲೀನ್ ಮಾಡಿಕೊಡುತ್ತಿದ್ದೇನೆ. ಶುರುವಿನಲ್ಲಿ ಒಂದೇ ಮನೆ, ನಾನೊಬ್ಬಳೇ. ಈಗ ಆರು ಮನೆ ಇದೆ, ಜೊತೆಗೆ ನಾಲ್ಕು ಜನ ಹೆಂಗಸರಿದ್ದಾರೆ. ಈ ಕೆಲಸಕ್ಕೆ ಇಳಿಯಬೇಕು, ಹೇಗೆ ಮಾಡೋದು ಅಂತ ಫೋನ್ ಮಾಡಿ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಅವರಿಗಾಗಿ ಗೊತ್ತಿರುವುದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಇದು ಮನೆಗೆಲಸದ ಹಾಗಲ್ಲ. ಮನೆಯಲ್ಲಿ ಇವತ್ತು ಬಿಟ್ಟ ಮೂಲೆಯನ್ನು ನಾಳೆ ಗುಡಿಸಬಹುದು. ಇಲ್ಲಿ 11 ಗಂಟೆಗೆ ಒಂದು ಕುಟುಂಬ ಹೊರಟರೆ 2 ಗಂಟೆಗೆ ಇನ್ನೊಂದು ಕುಟುಂಬ ಬಾಗಿಲಲ್ಲಿ ನಿಂತಿರುತ್ತದೆ. ಬೆಂಗಳೂರಿನಿಂದ ಐದು ಗಂಟೆ ಗಾಡಿಯಲ್ಲಿ ಕೂತು ಬಂದವರು, ಮಕ್ಕಳು ಬೇರೆ ಇರುತ್ತಾರೆ. ಬಂದ ಕೂಡಲೇ ಮಂಚದ ಮೇಲೆ ಬೀಳುತ್ತಾರೆ. ಆ ಮಂಚದ ಮೇಲೆ ಬೆಳಿಗ್ಗೆವರೆಗೆ ಬೇರೆ ಯಾರೋ ಮಲಗಿದ್ದರು ಅನ್ನುವ ಗುರುತೇ ಇರಬಾರದು. ಅದನ್ನು ಮೂರು ಗಂಟೆಯಲ್ಲಿ ಮಾಡಿಕೊಡಬೇಕು.

ನಮ್ಮ ಕಡೆ ಧೂಳು ಅಂಥ ಕಷ್ಟ ಕೊಡುವುದಿಲ್ಲ. ಕಷ್ಟ ಕೊಡುವುದು ತೇವ. ಅದಕ್ಕೇ ಈ ಕೆಲಸದಲ್ಲಿ ಅರ್ಧ ತಲೆನೋವು ಬಟ್ಟೆಯದ್ದೇ. ಅಲ್ಲಿಂದಲೇ ಶುರು ಮಾಡುತ್ತೇನೆ.

ಬಟ್ಟೆ

ಒಂದು ಮಂಚಕ್ಕೆ ಮೂರು ಸೆಟ್ ಬೇಕು. ಒಂದು ಮಂಚದ ಮೇಲೆ, ಒಂದು ಒಗೆಯುವ ಕಡೆ, ಒಂದು ಬೀರುವಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ಸೆಟ್ ಬೇಕು. ಇದನ್ನು ಮಾಲೀಕರ ಹತ್ತಿರ ಮೊದಲ ದಿನವೇ ಮಾತಾಡಿಬಿಡಿ. "ಎರಡು ಸೆಟ್ ಇದೆ, ಹೇಗೋ ಅಡ್ಜಸ್ಟ್ ಮಾಡಿ" ಅನ್ನುವ ಮನೆಯನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಎರಡೇ ಸೆಟ್ ಇದ್ದರೆ ಯಾವತ್ತೋ ಒಂದು ದಿನ ಹಸಿ ಬೆಡ್‌ಶೀಟ್ ಹಾಸಲೇಬೇಕಾಗುತ್ತದೆ.

ಬಣ್ಣ ಬಿಳಿಯೇ ಇರಲಿ. ಬಿಳಿಯಲ್ಲಿ ಕಲೆ ಕಾಣುತ್ತದೆ, ಕಂಡರೆ ತೆಗೆಯಬಹುದು. ಹೂವಿನ ಡಿಸೈನ್ ಬೆಡ್‌ಶೀಟಿನಲ್ಲಿ ಕಲೆ ನಮಗೆ ಕಾಣದೆ ಗೆಸ್ಟ್ ಕಣ್ಣಿಗೆ ಬೀಳುತ್ತದೆ. ಎಲ್ಲ ಬಿಳಿ ಇದ್ದರೆ ಒಂದು ರೂಮಿನದ್ದು ಇನ್ನೊಂದಕ್ಕೂ ಆಗುತ್ತದೆ. 72 ಇಂಚು ಅಗಲ, 78 ಇಂಚು ಉದ್ದದ ಮಂಚಕ್ಕೆ 108 ಇಂಚಿನ ಚೌಕದ ಬೆಡ್‌ಶೀಟ್ ತರಿಸಿ. ಅದಕ್ಕಿಂತ ಚಿಕ್ಕದನ್ನು ಎಷ್ಟು ಬಿಗಿಯಾಗಿ ಸಿಕ್ಕಿಸಿದರೂ ರಾತ್ರಿ ಒಬ್ಬರು ಹೊರಳಿದರೆ ಕಿತ್ತು ಬರುತ್ತದೆ. ಹಾಸಿಗೆಗೆ ನೀರು ಇಳಿಯದ ಪ್ರೊಟೆಕ್ಟರ್ ಕಡ್ಡಾಯ. ಟವೆಲ್ ದಪ್ಪ ಇದ್ದಷ್ಟೂ ಒಳ್ಳೆಯದು ಅಂತ ಮಾಲೀಕರು 700 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಟವೆಲ್ ತರುತ್ತಾರೆ. ಮುಟ್ಟಲು ಚೆನ್ನಾಗಿರುತ್ತದೆ ನಿಜ. ಆದರೆ ಜುಲೈನಲ್ಲಿ ಅದು ಮೂರು ದಿನವಾದರೂ ಒಣಗುವುದಿಲ್ಲ. ನಮ್ಮ ಕಡೆಗೆ 400ರಿಂದ 450 ಜಿಎಸ್‌ಎಂ ಸಾಕು.

ಒಣಗಿಸುವ ವಿಚಾರದಲ್ಲಿ ಮೊದಲ ಮಳೆಗಾಲದಲ್ಲಿ ನಾನು ತಪ್ಪು ಮಾಡಿದೆ. ನಮ್ಮ ಮನೆಯಲ್ಲಿ ಮಾಡುವ ಹಾಗೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಬೆಡ್‌ಶೀಟ್ ಹರವಿದೆ. ಚೆನ್ನಾಗಿಯೇ ಒಣಗಿತು. ನಮಗೆ ಆ ಹೊಗೆ ವಾಸನೆ ಅಭ್ಯಾಸವಾಗಿಬಿಟ್ಟಿದೆ, ಗೊತ್ತೇ ಆಗಲಿಲ್ಲ. ರಾತ್ರಿ 10 ಗಂಟೆಗೆ ಮಾಲೀಕರ ಫೋನ್. ಗೆಸ್ಟ್ ಮಗುವಿಗೆ ಆಸ್ತಮಾ ಇದೆಯಂತೆ, ದಿಂಬಿನಿಂದ ಹೊಗೆ ವಾಸನೆ ಬರುತ್ತಿದೆಯಂತೆ. ಮಳೆಯಲ್ಲೇ ಬೇರೆ ಕವರ್ ತೆಗೆದುಕೊಂಡು ಹೋದೆ. ಆ ತಾಯಿ ಮಗುವನ್ನು ಎತ್ತಿಕೊಂಡು ಜಗುಲಿಯಲ್ಲಿ ಓಡಾಡುತ್ತಿದ್ದರು. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಬೇಜಾರಾಗುತ್ತದೆ.

ದಾರಿ ಸಿಕ್ಕಿದ್ದು ಕಾಫಿಯಿಂದ. ನಮ್ಮ ಕಡೆಯ ಕೆಲವು ತೋಟಗಳಲ್ಲಿ ಕಾಫಿ ಒಣಗಿಸಲು ಕಣದ ಮೇಲೆ ಪ್ಲಾಸ್ಟಿಕ್ ಹೊದಿಸಿದ ಶೆಡ್ ಹಾಕಿರುತ್ತಾರೆ. ಕಾಫಿ ಕುಯಿಲು ನಡೆಯುವುದು ಚಳಿಗಾಲದಲ್ಲಿ. ಮಳೆಗಾಲದಲ್ಲಿ ಆ ಶೆಡ್ ಖಾಲಿ ಬಿದ್ದಿರುತ್ತದೆ. ಒಬ್ಬ ಮಾಲೀಕರನ್ನು ಕೇಳಿದೆ, ಒಪ್ಪಿದರು. ಎರಡು ಕಡೆ ತೆರೆದಿಟ್ಟು, ಎರಡು ದೊಡ್ಡ ಫ್ಯಾನ್ ಹಾಕಿ, ಹಗ್ಗಗಳ ನಡುವೆ ಒಂದೂವರೆ ಅಡಿ ಜಾಗ ಬಿಟ್ಟು ಹರವುತ್ತೇವೆ. ಮೆಷಿನ್‌ನಲ್ಲಿ ಒಗೆದಾದ ಮೇಲೆ ಇನ್ನೊಮ್ಮೆ ಬರೀ ಸ್ಪಿನ್ ಮಾಡಿಯೇ ತೆಗೆಯುತ್ತೇವೆ. ಅರ್ಧ ನೀರು ಅಲ್ಲೇ ಹೋಗುತ್ತದೆ. ನಿಮ್ಮ ಹತ್ತಿರವೂ ಇಂಥ ಶೆಡ್ ಇದ್ದರೆ ಕೇಳಿ ನೋಡಿ, ಯಾರೂ ಬೇಡ ಅನ್ನುವುದಿಲ್ಲ. ಕರೆಂಟ್ ಮಾತ್ರ ನಂಬಬೇಡಿ. ಮರ ಬಿದ್ದರೆ ಎರಡು ಮೂರು ದಿನ ಬರುವುದಿಲ್ಲ. ನಾಲ್ಕನೇ ಸೆಟ್ ಬೇಕಾಗುವುದು ಆಗಲೇ.

ಒಣಗಿದೆಯೋ ಇಲ್ಲವೋ ಅಂತ ಕೈಯಿಂದ ಮುಟ್ಟಿ ನೋಡಿದರೆ ಸಾಲದು. ಕೆಲಸ ಮಾಡುವ ಕೈ ಒರಟಾಗಿರುತ್ತದೆ. ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ತೇವ ಇದೆ. ಅಂಚಿನ ಹೊಲಿಗೆ, ದಿಂಬಿನ ಕವರಿನ ಮೂಲೆ, ಇವೆರಡು ಜಾಗ ನೋಡಿದರೆ ಸಾಕು. ಅಲ್ಲಿ ಬೆಚ್ಚಗಿದ್ದರೆ ಮಡಚಿ. ಇಲ್ಲದಿದ್ದರೆ ಬೀರುವಿನಲ್ಲಿ ಎರಡೇ ದಿನಕ್ಕೆ ಮುಗ್ಗಲು ವಾಸನೆ ಹಿಡಿಯುತ್ತದೆ. ಆಮೇಲೆ ಎಷ್ಟು ಸುವಾಸನೆ ಸ್ಪ್ರೇ ಹೊಡೆದರೂ ಹೋಗುವುದಿಲ್ಲ.

ಮೂರು ಕಲೆಗಳು

ಮಳೆಗಾಲದಲ್ಲಿ ಅತಿ ಹೆಚ್ಚು ಬರುವುದು ರಕ್ತದ ಕಲೆ. ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ. ಅದು ಜಿಗಣೆ ಕೆಲಸ. ಜಿಗಣೆ ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಒಂದು ರಸ ಬಿಡುತ್ತದೆ. ಹಿರುಡಿನ್ ಅನ್ನುತ್ತಾರೆ. ಜಿಗಣೆ ಉದುರಿದ ಮೇಲೂ ಗಂಟೆಗಟ್ಟಲೆ ರಕ್ತ ಜಿನುಗುತ್ತಲೇ ಇರುತ್ತದೆ. ಬೆಟ್ಟ ಹತ್ತಿ ಸುಸ್ತಾಗಿ ಬಂದ ಹುಡುಗರು ಹಾಗೇ ಮಲಗುತ್ತಾರೆ, ಬೆಳಿಗ್ಗೆ ಬೆಡ್‌ಶೀಟಿನ ಕಾಲಿನ ಕಡೆ ಕೆಂಪು. ಇದಕ್ಕೆ ತಣ್ಣೀರೇ ಮದ್ದು. ಬಿಸಿನೀರು ಹಾಕಿದರೆ ಕಲೆ ನೂಲಿಗೇ ಕೂತುಬಿಡುತ್ತದೆ. ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೂ ಉಳಿದರೆ ಮೆಡಿಕಲ್ ಶಾಪಿನಲ್ಲಿ ಸಿಗುವ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ. ನೊರೆ ಬರುತ್ತದೆ, ಒರೆಸಿ, ಮತ್ತೆ ಹಾಕಿ. ಬಿಳಿ ಬಟ್ಟೆಗೆ ಮಾತ್ರ ಇದು. ಮಾಲೀಕರಿಗೆ ಹೇಳಿ ಜಗುಲಿಯಲ್ಲಿ ಒಂದು ಬುಟ್ಟಿ ಇಡಿಸಿ. ಅದರಲ್ಲಿ ಉಪ್ಪು, ಬ್ಯಾಂಡ್‌ಏಡ್, ಕಡು ಬಣ್ಣದ ನಾಲ್ಕು ಹಳೇ ಟವೆಲ್ ಇರಲಿ. ನಾವು ಹೀಗೆ ಇಟ್ಟ ಮೇಲೆ ರಕ್ತದ ಕಲೆ ಅರ್ಧಕ್ಕರ್ಧ ಕಡಿಮೆಯಾಗಿದೆ.

ಎರಡನೆಯದು ಅರಿಶಿನ. ಕೋಳಿ ಸಾರು, ಮೀನು ಸಾರು, ಮಂಚದ ಮೇಲೆ ಕೂತೇ ಊಟ. ಅರಿಶಿನದ ಕಲೆಗೆ ಸೋಪು ತಾಗಿಸಿದ ಕೂಡಲೇ ಅದು ಕೆಂಪಾಗುತ್ತದೆ. ಹೊಸಬರು ಬಟ್ಟೆ ಹಾಳಾಯಿತು ಅಂತ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಏನೂ ಆಗಿರುವುದಿಲ್ಲ. ಆರತಿಗೆ ನಾವು ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡುತ್ತೇವಲ್ಲ, ಅದೇ ಇದು. ಸೋಪಿನಲ್ಲೂ ಕ್ಷಾರ ಇದೆ. ನೀರಲ್ಲಿ ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಆ ಹಳದಿಯನ್ನು ಬಿಸಿಲೇ ತೆಗೆಯುತ್ತದೆ. ಒದ್ದೆ ಇರುವಾಗಲೇ ಬಿಸಿಲಿಗೆ ಹಾಕಿ, ಎರಡು ದಿನದಲ್ಲಿ ಮಾಯ. ಮಳೆಗಾಲದಲ್ಲಿ ಬಿಸಿಲು ಎಲ್ಲಿ ತರೋದು ಅಂತೀರಾ? ಅಂಥ ಬೆಡ್‌ಶೀಟುಗಳನ್ನು ಒಗೆದು ಒಣಗಿಸಿ ಬೇರೆ ಚೀಲದಲ್ಲಿ ಇಡುತ್ತೇವೆ. ಆಗಸ್ಟ್‌ನಲ್ಲೋ ಸೆಪ್ಟೆಂಬರ್‌ನಲ್ಲೋ ನಾಲ್ಕು ದಿನ ಮಳೆ ಬಿಟ್ಟು ಹೊಳವಾದಾಗ ಮತ್ತೆ ಒದ್ದೆ ಮಾಡಿ ಎಲ್ಲವನ್ನೂ ಒಟ್ಟಿಗೆ ಹರವುತ್ತೇವೆ.

ಮೂರನೆಯದು ಕಬ್ಬಿಣದ ಕಲೆ, ಬೋರ್‌ವೆಲ್ ನೀರಿರುವ ಮನೆಗಳಲ್ಲಿ. ಒಂದು ಬಿಳಿ ಬಕೆಟ್‌ನಲ್ಲಿ ರಾತ್ರಿ ನೀರು ತುಂಬಿಸಿಡಿ. ಬೆಳಿಗ್ಗೆ ತಳದಲ್ಲಿ ಕೆಮ್ಮಣ್ಣಿನ ಹಾಗೆ ಕೂತಿದ್ದರೆ ಆ ನೀರಲ್ಲಿ ಕಬ್ಬಿಣ ಇದೆ. ಅಂಥ ನೀರಿಗೆ ಬ್ಲೀಚ್ ಹಾಕಲೇಬೇಡಿ. ಬಿಳಿ ಆಗುವ ಬದಲು ಬಟ್ಟೆ ಕಂದು ಹಿಡಿಯುತ್ತದೆ. ಬಿದ್ದ ಕಲೆಗೆ ನಿಂಬೆರಸ, ಉಪ್ಪು. ಜಾಸ್ತಿ ಇದ್ದರೆ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ ನೆನೆಸಿ. ಬಟ್ಟೆಯನ್ನು ಬಾವಿ ನೀರು ಇರುವ ಕಡೆ ಒಯ್ದು ಒಗೆಯುವುದೇ ನನ್ನ ಪ್ರಕಾರ ಸುಲಭ.

ಮನೆಯೊಳಗೆ

ಒಳಗೆ ಕಾಲಿಟ್ಟ ಕೂಡಲೇ ಕಿಟಕಿ ಎಲ್ಲ ತೆಗೆಯಿರಿ, ಫ್ಯಾನ್ ಹಾಕಿ. ಆಮೇಲೆ ಏನನ್ನೂ ಮುಟ್ಟುವ ಮೊದಲು ಪ್ರತಿ ರೂಮಿನ ಫೋಟೋ ತೆಗೆಯಿರಿ. ಇದು ಸುಮ್ನೆ ಶಾಸ್ತ್ರಕ್ಕೆ ಅಲ್ಲ. ಒಂದು ಮನೆಯಲ್ಲಿ ಗೆಸ್ಟ್ ಉಂಗುರ ಕಾಣೆಯಾಯಿತು ಅಂತ ಫೋನ್ ಬಂತು. ಮಾಲೀಕರು ನೇರವಾಗಿ ನನ್ನ ಜೊತೆ ಬಂದಿದ್ದ ಹೆಂಗಸನ್ನೇ ನೋಡಿದರು. ಅವಳು ಮಾತಾಡಲಿಲ್ಲ, ಸೊಂಟಕ್ಕೆ ಸಿಕ್ಕಿಸಿದ್ದ ಚೀಲ ಬಿಚ್ಚಿ ನೆಲದ ಮೇಲೆ ಸುರಿದಳು. ಎಲೆ ಅಡಿಕೆ, ಬಸ್ಸಿನ ಚಿಲ್ಲರೆ, ಮಗಳ ಫೋಟೋ. ಮರುದಿನ ಉಂಗುರ ಗೆಸ್ಟ್ ಬ್ಯಾಗಿನಲ್ಲೇ ಸಿಕ್ಕಿತು ಅಂತ ಮೆಸೇಜ್ ಬಂತು. ಅವಳ ಹತ್ತಿರ ಕ್ಷಮೆ ಕೇಳಲು ಯಾರೂ ಬರಲಿಲ್ಲ. ಆ ಮನೆಯನ್ನು ನಾನು ಆ ತಿಂಗಳೇ ಬಿಟ್ಟೆ. ಅವತ್ತಿನಿಂದ ಯಾವ ಮನೆಗೂ ಒಬ್ಬರನ್ನೇ ಕಳಿಸುವುದಿಲ್ಲ, ಇಬ್ಬರು ಹೋಗಬೇಕು. ಮೊದಲ ಐದು ನಿಮಿಷ ಫೋಟೋ, ಅದು ಮಾಲೀಕರ ವಾಟ್ಸಾಪ್‌ಗೆ ಹೋಗಬೇಕು. ಸಿಕ್ಕಿದ ವಸ್ತುವನ್ನು ಸಿಕ್ಕಿದ ಜಾಗದಲ್ಲೇ ಇಟ್ಟು ಫೋಟೋ ತೆಗೆದು, ಆಮೇಲೆ ಎತ್ತಬೇಕು.

ಈ ಫೋಟೋ ಮಾಲೀಕರಿಗೂ ಬೇಕಾಗುತ್ತದೆ. ಗೆಸ್ಟ್ ಏನಾದರೂ ಒಡೆದಿದ್ದರೆ ರೂಮು ಬುಕ್ ಮಾಡುವ ಏರ್‌ಬಿಎನ್‌ಬಿ ಆ್ಯಪ್‌ನಲ್ಲಿ ಪರಿಹಾರ ಕೇಳಲು ಚೆಕ್‌ಔಟ್ ಆದ 14 ದಿನದೊಳಗೆ ಸಾಕ್ಷಿ ಸಮೇತ ಅರ್ಜಿ ಹಾಕಬೇಕು.

ಆಮೇಲೆ ಬೆಡ್‌ಶೀಟ್ ಬಿಚ್ಚಿ. ಮುದುಡಿ ಎತ್ತಬೇಡಿ. ಮಂಚದ ಮೇಲೇ ಬಿಡಿಸಿ ಒಂದೊಂದಾಗಿ ಕೊಡವಿ. ಓಲೆಯ ತಿರುಪು, ಮಕ್ಕಳ ಕಾಲ್ಗೆಜ್ಜೆ, ಇಯರ್‌ಫೋನ್, ಎಲ್ಲ ಇಲ್ಲೇ ಸಿಗುವುದು. ಕೊಡವುವಾಗಲೇ ಹಾಸಿಗೆಯ ಹೊಲಿಗೆ ಸಾಲು, ಮಂಚದ ತಲೆಯ ಕಡೆಯ ಸಂದು ನೋಡಿ. ಪೆನ್ನಿನ ಚುಕ್ಕೆಯ ಹಾಗೆ ಕಪ್ಪು ಕಲೆ ಸಾಲಾಗಿ ಇದ್ದರೆ ತಿಗಣೆ ಇದೆ ಅಂತ ಅರ್ಥ. ಮುಚ್ಚಿಡಬೇಡಿ, ಆ ಕ್ಷಣವೇ ಮಾಲೀಕರಿಗೆ ಹೇಳಿ. ಆ ರೂಮು ಅವತ್ತು ಕೊಡಬಾರದು. ಅಲ್ಲಿನ ಬಟ್ಟೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಚೀಲವನ್ನು ಇನ್ನೊಂದು ಮನೆಯ ಬಟ್ಟೆ ಜೊತೆ ಗಾಡಿಯಲ್ಲಿ ಇಡಬೇಡಿ. ಒಂದು ಮನೆಯ ತಿಗಣೆಯನ್ನು ನಾವೇ ಆರು ಮನೆಗೆ ಹಂಚಿದ ಹಾಗಾಗುತ್ತದೆ.

ಬಟ್ಟೆ ಮೆಷಿನ್‌ಗೆ ಹೋದ ಮೇಲೆ ಟಾಯ್ಲೆಟ್‌ಗೆ ಕ್ಲೀನರ್ ಹಾಕಿ ಬಿಡಿ, ಅದು ನೆನೆಯುತ್ತಿರಲಿ. ಆ ಹೊತ್ತಿಗೆ ಮೇಲಿನ ಕೆಲಸ ಮಾಡಿ. ಹೆಂಚಿನ ಮನೆಯಾದರೆ ಇಲ್ಲಣ (ಮಾಡಿಗೆ ಕಟ್ಟಿದ ಬಲೆ, ಮಸಿ) ತೆಗೆಯದೆ ಹಾಸಿಗೆ ಹಾಸಬೇಡಿ. ಹಲ್ಲಿ ಹಿಕ್ಕೆ, ಹೆಂಚಿನ ಪುಡಿ, ಎಲ್ಲ ಬಿಳಿ ಬೆಡ್‌ಶೀಟಿನ ಮೇಲೇ ಬೀಳುತ್ತದೆ. ಮೇಲಿನಿಂದ ಕೆಳಗೆ, ಒಳಗಿನಿಂದ ಬಾಗಿಲ ಕಡೆಗೆ, ಈ ಕ್ರಮ ತಪ್ಪಿದರೆ ಒಂದೇ ಕೆಲಸ ಎರಡು ಸಲ ಮಾಡಬೇಕಾಗುತ್ತದೆ. ಬೀರುವಿನ ಹಿಂದೆ, ಮಂಚದ ತಲೆಗೋಡೆಯ ಹಿಂದೆ ಬೂಷ್ಟು ಬಂದಿದೆಯಾ ನೋಡಿ. ಪೀಠೋಪಕರಣವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದಿಟ್ಟರೆ ಗಾಳಿ ಆಡುತ್ತದೆ, ಬೂಷ್ಟು ಕಡಿಮೆಯಾಗುತ್ತದೆ.

ಬಾತ್‌ರೂಮಿಗೆ ನೀರು ಹಾಕುವ ಮೊದಲು ಕೂದಲು ತೆಗೆಯಿರಿ. ಒಣಗಿದ್ದಾಗ ಒಂದು ಟಿಶ್ಯೂನಲ್ಲಿ ಒರೆಸಿದರೆ ಬರುತ್ತದೆ. ಒದ್ದೆಯಾದರೆ ನೆಲಕ್ಕೆ ಅಂಟಿಕೊಂಡು ಪ್ರಾಣ ತಿನ್ನುತ್ತದೆ. ತೊಳೆದಾದ ಮೇಲೆ ವೈಪರ್ ಎಳೆದು, ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣ ಮಾಡಿ. ನೆಲ ಒದ್ದೆ ಇದ್ದರೆ ಎಷ್ಟು ಉಜ್ಜಿದ್ದರೂ ಗೆಸ್ಟ್‌ಗೆ ಯಾರೋ ಈಗಷ್ಟೇ ಸ್ನಾನ ಮಾಡಿ ಹೋದ ಹಾಗೆ ಕಾಣುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಗಮನ ಇಟ್ಟು ಓದಿ. ಟಾಯ್ಲೆಟ್ ಕ್ಲೀನರ್ ಮತ್ತು ಬ್ಲೀಚ್ ಯಾವತ್ತೂ ಸೇರಬಾರದು. ಟಾಯ್ಲೆಟ್ ತೊಳೆಯುವ ದ್ರವಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಅದಕ್ಕೆ ಬ್ಲೀಚ್ ತಾಗಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ನಮ್ಮ ಹುಡುಗಿಯೊಬ್ಬಳು ಬೇಗ ಬೆಳ್ಳಗಾಗಲಿ ಅಂತ ಎರಡನ್ನೂ ಸುರಿದಿದ್ದಳು, ಕಿಟಕಿ ಮುಚ್ಚಿತ್ತು. ಒಂದು ನಿಮಿಷದಲ್ಲಿ ಕೆಮ್ಮುತ್ತಾ, ಕಣ್ಣು ಬಿಡಲಾಗದೆ ಗೋಡೆ ಹಿಡಿದು ಹೊರಗೆ ಬಂದಳು. ಅಂಗಳದ ಗಾಳಿಯಲ್ಲಿ ಕೂರಿಸಿ, ಕಣ್ಣಿಗೆ ನೀರು ಹಾಕಿ, ಗಾಡಿ ಹತ್ತಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಎರಡು ದಿನ ಎದೆ ಉರಿ ಅನ್ನುತ್ತಿದ್ದಳು. ಈಗ ನಮ್ಮಲ್ಲಿ ಬ್ಲೀಚ್ ಬಾಟಲಿ ಬಟ್ಟೆ ಒಗೆಯುವ ಕಡೆ ಮಾತ್ರ ಇರುತ್ತದೆ. ಮನೆಗೆ ಹೋಗುವ ಬ್ಯಾಗಿನಲ್ಲಿ ಅದಕ್ಕೆ ಜಾಗ ಇಲ್ಲ. ಹಾಗೇ ಆಸಿಡ್ ಯಾವುದನ್ನೂ ಹಳೇ ಬಂಗಲೆಗಳ ಕೆಂಪು ಕಾವಿ ನೆಲಕ್ಕೆ ತಾಗಿಸಬೇಡಿ. ಒಂದು ಹನಿ ಬಿದ್ದರೂ ಬಿಳಿ ಮಚ್ಚೆ ಉಳಿಯುತ್ತದೆ. ಆ ನೆಲಕ್ಕೆ ಬರೀ ನೀರು, ತಿಂಗಳಿಗೊಮ್ಮೆ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ.

ಫಿನಾಯಿಲ್ ಕೂಡ ಕಡಿಮೆ ಬಳಸಿ. ತೋಟದ ಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಅದರೊಳಗೆ ಕೊಳೆಯಿಸುವ ಬ್ಯಾಕ್ಟೀರಿಯಾ ಸತ್ತರೆ ಮಾಲೀಕರಿಗೆ ಬೇರೆ ತೊಂದರೆ ಶುರುವಾಗುತ್ತದೆ. ಬಟ್ಟೆ ಒಗೆದ ನೀರನ್ನು ಹಳ್ಳಕ್ಕೆ ಬಿಡಬೇಡಿ. ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನ ಜಾವಳಿಯಲ್ಲಿ. ಇಲ್ಲಿನ ಹಳ್ಳದ ನೀರನ್ನು ಕೆಳಗಿನ ಊರಿನವರು ಬಳಸುತ್ತಾರೆ. ನಾವು ಬಾಳೆ ಗಿಡಗಳ ಹತ್ತಿರ ಇಂಗು ಗುಂಡಿ ಮಾಡಿದ್ದೇವೆ.

ಅಡಿಗೆ ಮನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಿಮಗೆ ಗೊತ್ತಿರುವುದೇ. ಫ್ರಿಜ್ ಒಳಗೆ, ಮಿಕ್ಸಿ ಜಾರಿನ ರಬ್ಬರ್ ಕೆಳಗೆ, ಗ್ಯಾಸ್ ರೆಗ್ಯುಲೇಟರ್ ಆಫ್ ಇದೆಯಾ, ಇಷ್ಟು ನೋಡಿ.

ಎಲ್ಲ ಮುಗಿದ ಮೇಲೆ ಗೆಸ್ಟ್ ಇರುವ ಹಾಗೆ ಇದ್ದು ನೋಡಿ. ಮಂಚದ ಅಂಚಲ್ಲಿ ಕೂತು ಮೇಲೆ ನೋಡಿ. ಕಮೋಡ್ ಮುಚ್ಚಳ ಹಾಕಿ ಅದರ ಮೇಲೆ ಕೂತು ಎದುರು ನೋಡಿ. ನಿಂತಾಗ ಕಾಣದ ಕಲೆ ಬಾಗಿಲ ಹಿಂದೆ, ಸಿಂಕಿನ ಕೆಳಗೆ ಆಗ ಕಾಣುತ್ತದೆ. ಗೀಸರ್ ಒಮ್ಮೆ ಹಾಕಿ ನೋಡಿ. ಮತ್ತೆ ಎಲ್ಲ ರೂಮಿನ ಫೋಟೋ, "ಮನೆ ರೆಡಿ" ಅಂತ ಮೆಸೇಜ್.

ದುಡ್ಡು ಮತ್ತು ಜನ

ಮನೆಗೆ ಇಷ್ಟು ಅಂತ ಒಂದೇ ರೇಟ್ ಹೇಳಬೇಡಿ. ಮಂಚ ಎಷ್ಟು, ಬಾತ್‌ರೂಮ್ ಎಷ್ಟು ಅಂತ ಎಣಿಸಿ ಹೇಳಿ. ಎರಡು ರೂಮು, ಎರಡು ಬಾತ್‌ರೂಮ್, ಅಡಿಗೆ ಮನೆಗೆ ನಾನು 1,100 ರೂಪಾಯಿ ತೆಗೆದುಕೊಳ್ಳುತ್ತೇನೆ. ಇಬ್ಬರಿಗೆ ಎರಡೂವರೆ ಗಂಟೆ ಕೆಲಸ. ಒಬ್ಬೊಬ್ಬರಿಗೆ 350, ಗಾಡಿಗೆ 100, ಸಾಮಾನಿಗೆ 80 ಹೋಗಿ ನನಗೆ 220 ಉಳಿಯುತ್ತದೆ. ಬಟ್ಟೆ ಬೇರೆ, ಸೆಟ್ಟಿಗೆ 130. "ಬಟ್ಟೆನೂ ಅದರಲ್ಲೇ ಸೇರಿಸಿ" ಅಂತ ಎಲ್ಲರೂ ಕೇಳುತ್ತಾರೆ. ಒಪ್ಪಬೇಡಿ. ಮಳೆಗಾಲದಲ್ಲಿ ಒಣಗಿಸುವ ಖರ್ಚಿನಲ್ಲೇ ನೀವು ಮುಳುಗುತ್ತೀರಿ.

ಗೆಸ್ಟ್ 11ರ ಬದಲು 12ಕ್ಕೆ ಹೊರಟರೆ ಏನು, ಬುಕಿಂಗ್ ಹಿಂದಿನ ರಾತ್ರಿ ಕ್ಯಾನ್ಸಲ್ ಆದರೆ ಏನು, ಟವೆಲ್ ಕಳೆದರೆ ಯಾರು ಕೊಡಬೇಕು, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಲೆಕ್ಕ ವಾರಕ್ಕೊಮ್ಮೆ, ಸೋಮವಾರ. ತಿಂಗಳಿಗೆ ಅಂದರೆ ಹೆಂಗಸರಿಗೆ ಕೊಡಲು ನೀವು ಸಾಲ ಮಾಡಬೇಕಾಗುತ್ತದೆ. ಮಾಲೀಕರ ಬುಕಿಂಗ್ ಕ್ಯಾಲೆಂಡರ್ ನಿಮ್ಮ ಫೋನಿಗೂ ಕಾಣುವ ಹಾಗೆ ಮಾಡಿಸಿಕೊಳ್ಳಿ. "ನಾಳೆ ಗೆಸ್ಟ್ ಇದ್ದಾರೆ, ಹೇಳಲು ಮರೆತೆ" ಅನ್ನುವ ಫೋನ್ ಅಲ್ಲಿಗೆ ನಿಲ್ಲುತ್ತದೆ.

ಮನೆ ಸಿಗುವುದು ಕಷ್ಟವಲ್ಲ, ಜನ ಸಿಗುವುದು ಕಷ್ಟ. ಅದರಲ್ಲೂ ಡಿಸೆಂಬರ್. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಒಂದು ರೂಮೂ ಖಾಲಿ ಇರುವುದಿಲ್ಲ. ಅದೇ ಹೊತ್ತಿಗೆ ಅರೇಬಿಕಾ ಕಾಫಿಯ ಕುಯಿಲು. ಕುಯಿಲಿನಲ್ಲಿ ಕೆ.ಜಿ. ಲೆಕ್ಕದಲ್ಲಿ ಕೂಲಿ, ಕೈ ಚುರುಕಾಗಿರುವವಳು ಚೆನ್ನಾಗಿ ದುಡಿಯುತ್ತಾಳೆ. ಅದನ್ನು ಬಿಟ್ಟು ನಮ್ಮ ಜೊತೆ ಬಾ ಅಂತ ಬಾಯಿಮಾತಲ್ಲಿ ಕರೆದರೆ ಯಾಕೆ ಬರಬೇಕು? ಅದಕ್ಕೇ ಡಿಸೆಂಬರ್, ಜನವರಿಗೆ 350 ಇದ್ದದ್ದನ್ನು 450 ಮಾಡಿದ್ದೇನೆ. ಮಾಲೀಕರಿಗೂ ಅಷ್ಟೇ ಹೆಚ್ಚಿಗೆ ಹೇಳುತ್ತೇನೆ, ಕಾರಣವನ್ನೂ ಹೇಳುತ್ತೇನೆ. ಅವರೂ ಕಾಫಿ ಬೆಳೆಯುವವರೇ ಅಲ್ವಾ, ಅರ್ಥವಾಗುತ್ತದೆ.

ನವೆಂಬರ್ ಮೊದಲ ವಾರ ನಾವು ಐದು ಜನ ನಮ್ಮ ಜಗುಲಿಯಲ್ಲಿ ಕೂರುತ್ತೇವೆ. ಯಾರಿಗೆ ಯಾವ ತೋಟದಲ್ಲಿ ಎಷ್ಟು ದಿನ ಕುಯಿಲಿದೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. ಉಳಿದ ದಿನಕ್ಕೆ ಎಷ್ಟು ಮನೆ ಆಗುತ್ತದೋ ಅಷ್ಟನ್ನೇ ಒಪ್ಪಿಕೊಳ್ಳುತ್ತೇನೆ. ಹೋದ ವರ್ಷ ಕ್ರಿಸ್‌ಮಸ್ ವಾರಕ್ಕೆ ಇನ್ನೂ ಮೂರು ಮನೆಯವರು ಕೇಳಿದ್ದರು. ಆಗುವುದಿಲ್ಲ ಅಂದೆ. ಅದರಲ್ಲಿ ಇಬ್ಬರು ಈ ವರ್ಷ ಜುಲೈನಲ್ಲೇ ಫೋನ್ ಮಾಡಿ ದಿನ ಕಾದಿರಿಸಿದ್ದಾರೆ.